ಮೊರಾಕ್ಕೊದ ನೆಲ, ನೀರು ಮತ್ತು ನಿಕ್ಷೇಪಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಆಫ್ರಿಕಾ ಎಂದೊಡನೆ ನಮ್ಮಲ್ಲಿ ಬಹಳ ಮಂದಿಯ ಕಣ್ಣ ಮುಂದೆ ಬರುವುದು ಮರಳು, ಒಂಟೆ ಮತ್ತು ತೈಲಬಾವಿ. ಮೊರಾಕ್ಕೊದ ಮಟ್ಟಿಗೆ ಮೊದಲಿನ ಎರಡು ಅರ್ಧ ಸತ್ಯ, ಮೂರನೆಯದು ಪೂರ್ತಿ ತಪ್ಪು. ಆ ದೇಶದ ಭೂಗೋಳವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮರಳನ್ನು ಸ್ವಲ್ಪ ಬದಿಗಿಟ್ಟು ಬೆಟ್ಟದಿಂದ ಆರಂಭಿಸಬೇಕು. ಬೆಟ್ಟದಿಂದ ಇಳಿಯುವ ನೀರನ್ನು ಹಿಂಬಾಲಿಸಿದರೆ ಉಳಿದದ್ದು ತಾನಾಗಿ ತೆರೆದುಕೊಳ್ಳುತ್ತದೆ.

ಮೊರಾಕ್ಕೊ ಎಲ್ಲಿದೆ, ಎಷ್ಟು ದೊಡ್ಡದು?

ಆಫ್ರಿಕಾ ಖಂಡದ ವಾಯವ್ಯ ಮೂಲೆಯಲ್ಲಿದೆ. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ, ಉತ್ತರಕ್ಕೆ ಮೆಡಿಟರೇನಿಯನ್ ಸಮುದ್ರ, ಪೂರ್ವಕ್ಕೂ ಆಗ್ನೇಯಕ್ಕೂ ಅಲ್ಜೀರಿಯಾ. ಯುರೋಪಿನಿಂದ ಅದನ್ನು ಬೇರ್ಪಡಿಸಿರುವ ಜಿಬ್ರಾಲ್ಟರ್ ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 14 ಕಿ.ಮೀ. ಅಗಲವಿದ್ದು, ಹವೆ ತಿಳಿಯಾಗಿರುವ ದಿನ ಟ್ಯಾಂಜಿಯರ್ ನಗರದ ದಂಡೆಯಿಂದ ಸ್ಪೇನಿನ ಗುಡ್ಡಗಳು ಬರಿಗಣ್ಣಿಗೇ ಕಾಣುತ್ತವೆ. ಉತ್ತರ ಕರಾವಳಿಯಲ್ಲಿರುವ ಸೆವುಟಾ ಮತ್ತು ಮೆಲಿಲಾ ಎಂಬ ಎರಡು ಊರುಗಳು ಇಂದಿಗೂ ಸ್ಪೇನಿನ ಆಡಳಿತದಲ್ಲಿವೆ.

ವಿವಾದಿತ ಪಶ್ಚಿಮ ಸಹಾರಾವನ್ನು ಬಿಟ್ಟರೆ ದೇಶದ ವಿಸ್ತೀರ್ಣ ಸುಮಾರು 4,46,550 ಚದರ ಕಿ.ಮೀ., ಅಂದರೆ ಕರ್ನಾಟಕದ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಜನಸಂಖ್ಯೆ ಮಾತ್ರ ಕರ್ನಾಟಕಕ್ಕಿಂತ ಬಹಳ ಕಡಿಮೆ. 2024ರ ಜನಗಣತಿಯಲ್ಲಿ ಅದು 3.7 ಕೋಟಿಯನ್ನೂ ಮುಟ್ಟಿಲ್ಲ.

ಆ ದೇಶದವರು ತಮ್ಮ ನಾಡನ್ನು ಏನೆಂದು ಕರೆಯುತ್ತಾರೆ?

ಅರಬ್ಬಿಯಲ್ಲಿ ‘ಅಲ್ ಮಗ್ರಿಬ್’. ಸೂರ್ಯ ಮುಳುಗುವ ದಿಕ್ಕು ಎಂದು ಅರ್ಥ. ಕನ್ನಡದಲ್ಲಿ ಸರಿಯಾಗಿ ಹೇಳುವುದಾದರೆ ‘ಪಡುವಣ ನಾಡು’. ನಮ್ಮ ಊರುಗಳ ಮಸೀದಿಗಳಲ್ಲಿ ಸೂರ್ಯಾಸ್ತದ ಹೊತ್ತಿನಲ್ಲಿ ನಡೆಯುವ ಮಗ್ರಿಬ್ ನಮಾಜಿನ ಹೆಸರೂ ಇದೇ ಪದ. ಅರಬ್ ಜಗತ್ತಿನ ಪೂರ್ವ ತುದಿಯಲ್ಲಿ ಕುಳಿತವರಿಗೆ ಇದಕ್ಕಿಂತ ಆಚೆ ನೆಲವಿರಲಿಲ್ಲ, ಸಾಗರವಷ್ಟೇ ಇತ್ತು. ನಾಡಿನ ಮೂಲ ನಿವಾಸಿಗಳಾದ ಅಮಾಜಿಗ್ ಜನರ ಭಾಷೆಯ ಪದಗಳೂ ನಕ್ಷೆಯ ತುಂಬ ಹರಡಿಕೊಂಡಿವೆ: ‘ತಿಜಿ’ ಎಂದರೆ ಕಣಿವೆದಾರಿ ಅಥವಾ ಘಾಟಿ, ‘ಅಸಿಫ್’ ಎಂದರೆ ಹೊಳೆ. ಅರಬ್ಬಿಯ ‘ಜೆಬೆಲ್’ ಬೆಟ್ಟ, ‘ಉವೆದ್’ ನದಿ ಅಥವಾ ಒಣಹಳ್ಳ. ಈ ನಾಲ್ಕು ಪದ ಗೊತ್ತಿದ್ದರೆ ಮೊರಾಕ್ಕೊದ ನಕ್ಷೆಯನ್ನು ಅರ್ಧ ಓದಿದಂತೆಯೇ.

ಮೊರಾಕ್ಕೊ ಮರುಭೂಮಿಯ ದೇಶವಲ್ಲವೇ?

ದಕ್ಷಿಣ ಮತ್ತು ಪೂರ್ವದ ಅಂಚುಗಳು ಮರುಭೂಮಿಯೇ. ಆದರೆ ಚಲನಚಿತ್ರಗಳಲ್ಲಿ ಕಾಣುವ ಮರಳುದಿಬ್ಬಗಳು ಅಲ್ಲಿಯೂ ವಿರಳ. ಮರಳುದಿಬ್ಬಗಳ ರಾಶಿಗೆ ‘ಎರ್ಗ್’ ಎನ್ನುತ್ತಾರೆ. ಮೆರ್ಜೂಗಾ ಊರಿನ ಪಕ್ಕದ ಎರ್ಗ್ ಶೆಬ್ಬಿ ಮತ್ತು ದ್ರಾ ಕಣಿವೆಯಾಚೆಯ ಎರ್ಗ್ ಶಿಗಾಗಾ ಇವೆರಡೇ ಹೇಳಿಕೊಳ್ಳುವಂಥವು. ಉಳಿದ ಒಣ ಪ್ರದೇಶವೆಲ್ಲ ‘ಹಮ್ಮಾದಾ’ ಎಂದು ಕರೆಯುವ ಬರಡು ಬಂಡೆಹಾಸು ಅಥವಾ ಗಾಳಿಗೆ ಮಣ್ಣು ಹಾರಿಹೋಗಿ ಉಳಿದ ನೊರಜುಗಲ್ಲಿನ ಬಯಲು. ಅಟ್ಲಾಂಟಿಕ್ ಕಡೆಯ ಬಯಲುಗಳಲ್ಲಿ ಗೋಧಿ, ಬಾರ್ಲಿ, ಸಕ್ಕರೆ ಬೀಟು ಬೆಳೆಯುತ್ತವೆ. ಬೆಟ್ಟಗಳಲ್ಲಿ ಓಕ್ ಮತ್ತು ದೇವದಾರುವಿನ ಕಾಡಿದೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಹಿಮ ಎಂಬುದು ಅಲಂಕಾರದ ಮಾತಲ್ಲ. ಆಫ್ರಿಕಾ ಖಂಡದಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ, ಸೊನ್ನೆಗಿಂತ 23.9 ಡಿಗ್ರಿ ಸೆಲ್ಸಿಯಸ್ ಕೆಳಗೆ, ಸಿಕ್ಕಿದ್ದು ಮಧ್ಯ ಅಟ್ಲಾಸ್‌ನ ಇಫ್ರಾನ್ ಎಂಬ ಊರಿನಲ್ಲಿ, 1935ರ ಫೆಬ್ರುವರಿ 11ರಂದು. ಅದೇ ದೇಶದ ಅಗಾದೀರ್ ನಗರದಲ್ಲಿ 2023ರ ಆಗಸ್ಟ್ 11ರಂದು ಉಷ್ಣಾಂಶ 50.4 ಡಿಗ್ರಿಗೆ ಏರಿತು.

ಅಟ್ಲಾಸ್ ಎಂಬುದು ಒಂದೇ ಬೆಟ್ಟಸಾಲೇ?

ಅಲ್ಲ. ಮೊರಾಕ್ಕೊದೊಳಗೆ ಅದು ಮೂರು ಸಾಲು, ಉತ್ತರದ ರಿಫ್ ಬೆಟ್ಟಗಳನ್ನು ಸೇರಿಸಿದರೆ ದೇಶದಲ್ಲಿ ಒಟ್ಟು ನಾಲ್ಕು. ರಿಫ್ ಮೆಡಿಟರೇನಿಯನ್ ಕರಾವಳಿಗೆ ಒತ್ತಿಕೊಂಡಿರುವ, ಜಲಸಂಧಿಯಾಚೆ ಸ್ಪೇನಿನ ಬೆಟ್ಟಗಳೊಡನೆ ಒಂದೇ ಕಮಾನಿನಂತೆ ಬಾಗಿರುವ ಸಾಲು. ಅದರ ಅತಿ ಎತ್ತರದ ಶಿಖರ ಸುಮಾರು 2,450 ಮೀಟರ್. ಅದರ ದಕ್ಷಿಣಕ್ಕೆ ಮಧ್ಯ ಅಟ್ಲಾಸ್, ಅದಕ್ಕೂ ಕೆಳಗೆ ನೈಋತ್ಯದಿಂದ ಈಶಾನ್ಯಕ್ಕೆ ನೂರಾರು ಕಿಲೊಮೀಟರ್ ಚಾಚಿರುವ ಮಹಾ ಅಟ್ಲಾಸ್, ಇನ್ನೂ ಕೆಳಗೆ ಸಹಾರಾದ ಹೊಸ್ತಿಲಿನಲ್ಲಿ ‘ಪ್ರತಿ ಅಟ್ಲಾಸ್’ (ಆಂಟಿ ಅಟ್ಲಾಸ್). ಮಹಾ ಅಟ್ಲಾಸ್‌ನ ಜೆಬೆಲ್ ತುಬ್ಕಾಲ್ 4,167 ಮೀಟರ್ ಎತ್ತರವಿದ್ದು ಇಡೀ ಉತ್ತರ ಆಫ್ರಿಕಾದಲ್ಲೇ ಅತಿ ಎತ್ತರದ ಶಿಖರ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ತುಬ್ಕಾಲ್‌ಗೆ 300 ಮೀಟರ್ ಕಡಿಮೆಯೇ ಬೀಳುತ್ತದೆ.

ಈ ಸಾಲುಗಳ ವಯಸ್ಸು ಒಂದೇ ಅಲ್ಲ. ಪ್ರತಿ ಅಟ್ಲಾಸ್‌ನ ಬಂಡೆಗಳು ಬಹಳ ಹಳೆಯವು, ಅಲ್ಲಲ್ಲಿ ಐವತ್ತು ಕೋಟಿ ವರ್ಷಗಳಿಗೂ ಹಿಂದಿನವು. ಖನಿಜಗಳು ಅಲ್ಲಿ ಹೆಚ್ಚಾಗಿರುವುದಕ್ಕೆ ಇದೇ ಕಾರಣ. ಮಹಾ ಮತ್ತು ಮಧ್ಯ ಅಟ್ಲಾಸ್‌ನ ಬಹುಭಾಗ, ಅಟ್ಲಾಂಟಿಕ್ ಸಾಗರ ಬಾಯ್ತೆರೆಯುತ್ತಿದ್ದ ಕಾಲದಲ್ಲಿ ಬಿರುಕುಬಿಟ್ಟು ತಗ್ಗಾದ ಭೂಭಾಗಗಳಲ್ಲಿ ಸಮುದ್ರ ನುಗ್ಗಿ ಶೇಖರವಾದ ಸುಣ್ಣಕಲ್ಲು. ಬಹಳ ಕಾಲದ ಮೇಲೆ ಆಫ್ರಿಕಾ ಫಲಕ ಯುರೋಪಿನ ಕಡೆಗೆ ಒತ್ತಿದಾಗ ಆ ತಗ್ಗುಗಳೇ ಹಿಂಡಿಕೊಂಡು ಮೇಲೆದ್ದವು. ಹೀಗಾಗಿ ಕುರಿ ಕಾಯುವವರು ಮೂರು ಸಾವಿರ ಮೀಟರ್ ಎತ್ತರದಲ್ಲಿ ಕಡಲ ಚಿಪ್ಪಿನ ಪಳೆಯುಳಿಕೆಗಳನ್ನು ಹೆಕ್ಕಬಲ್ಲರು.

ಬೆಟ್ಟಸಾಲು ಮಾಡುವ ಮುಖ್ಯ ಕೆಲಸ ನಮ್ಮ ಸಹ್ಯಾದ್ರಿಯದ್ದೇ. ಅಟ್ಲಾಂಟಿಕ್ ಕಡೆಯಿಂದ ಬರುವ ತೇವದ ಗಾಳಿಯನ್ನು ಅದು ತಡೆದು ಉತ್ತರ ಮತ್ತು ಪಶ್ಚಿಮದ ಇಳಿಜಾರಿನಲ್ಲಿ ಸುರಿಸಿಕೊಳ್ಳುತ್ತದೆ. ಹಿಂದಿನ ಇಳಿಜಾರು ಮಳೆ ನೆರಳಿನಲ್ಲಿ ಒಣಗುತ್ತದೆ. ವ್ಯತ್ಯಾಸ ಇಷ್ಟೇ: ಇಲ್ಲಿ ಆಚೆ ಬದಿ ಬಯಲುಸೀಮೆ, ಅಲ್ಲಿ ಆಚೆ ಬದಿ ಸಹಾರಾ.

ಮಳೆ ಯಾವಾಗ, ಎಷ್ಟು?

ನವೆಂಬರ್‌ನಿಂದ ಏಪ್ರಿಲ್‌ವರೆಗೆ. ನಮ್ಮ ಮುಂಗಾರಿನ ತಿಂಗಳುಗಳು ಅಲ್ಲಿ ಪೂರ್ತಿ ಒಣ. ರಿಫ್‌ನ ಕೆಲವು ಎತ್ತರದ ಭಾಗಗಳಲ್ಲಿ ವರ್ಷಕ್ಕೆ 1,000 ಮಿ.ಮೀ. ದಾಟುವ ಮಳೆ, ಕಾಸಾಬ್ಲಾಂಕಾ ಸುತ್ತ 400ರ ಆಸುಪಾಸು, ಮರ‍್ರಾಕೇಶ್‌ನಲ್ಲಿ 250ಕ್ಕಿಂತ ಕಡಿಮೆ, ಅಟ್ಲಾಸ್ ದಾಟಿದ ಮೇಲೆ ವರ್ಜಾಜಾತ್‌ನಲ್ಲಿ ನೂರು ಚಿಲ್ಲರೆ ಮಿ.ಮೀ. ಪೂರ್ವದ ಮರುಭೂಮಿಯಿಂದ ಬೀಸುವ ಬಿಸಿಗಾಳಿಗೆ ‘ಶೆರ್ಗಿ’ ಎಂದು ಹೆಸರು; ಅದು ಎರಡು ದಿನ ಬೀಸಿದರೆ ತೆನೆಗಟ್ಟುತ್ತಿರುವ ಗೋಧಿ ಕಾಳು ಸೊರಗುತ್ತದೆ. ಅಟ್ಲಾಂಟಿಕ್ ದಂಡೆಯ ಊರುಗಳನ್ನು ಮಾತ್ರ ಕಡಲಿನ ಕ್ಯಾನರಿ ಶೀತ ಪ್ರವಾಹ ಕಾಪಾಡುತ್ತದೆ. ಮರ‍್ರಾಕೇಶ್ ಬೇಯುತ್ತಿರುವ ಜುಲೈನಲ್ಲಿ ಎಸ್ಸಾವಿರಾ ದಂಡೆಯಲ್ಲಿ ಸಂಜೆ ಶಾಲು ಹೊದೆಯಬೇಕಾಗುತ್ತದೆ.

ಮುಖ್ಯ ನದಿಗಳು ಯಾವುವು?

ಉತ್ತರ ಆಫ್ರಿಕಾದಲ್ಲಿ ಈಜಿಪ್ಟನ್ನು ಬಿಟ್ಟರೆ ವರ್ಷವಿಡೀ ಹರಿಯುವ ದೊಡ್ಡ ನದಿಗಳು ಸಿಗುವುದು ಹೆಚ್ಚಾಗಿ ಮೊರಾಕ್ಕೊದಲ್ಲೇ, ಅದೂ ಅಟ್ಲಾಸ್‌ನ ದಯೆಯಿಂದ. ನೀರಿನ ಮೊತ್ತದಲ್ಲಿ ಸೆಬೂ ದೊಡ್ಡದು. ಮಧ್ಯ ಅಟ್ಲಾಸ್‌ನಲ್ಲಿ ಹುಟ್ಟಿ ಗರ್ಬ್ ಬಯಲನ್ನು ಹಾದು ಅಟ್ಲಾಂಟಿಕ್ ಸೇರುತ್ತದೆ. ಅದೇ ಬೆಟ್ಟದಲ್ಲಿ ಹುಟ್ಟುವ ಇನ್ನೊಂದು ನದಿ ಉಮ್ಮ್ ಎರ್ ರ್ಬಿಯಾ. ಹೆಸರಿನ ಅರ್ಥ ‘ವಸಂತದ ತಾಯಿ’. ಹಿಮ ಕರಗಿ ಹೊಳೆ ತುಂಬುವುದು ವಸಂತದಲ್ಲೇ ಆದ್ದರಿಂದ ಹೆಸರು ಬರಿಯ ಕಾವ್ಯವಲ್ಲ, ಜಲಶಾಸ್ತ್ರವೂ ಹೌದು. ಮುಲೂಯಾ ನದಿ ಪೂರ್ವದ ಒಣ ಪ್ರಸ್ಥಭೂಮಿಯನ್ನು ದಾಟಿ ಮೆಡಿಟರೇನಿಯನ್ ಕಡೆಗೆ ಸಾಗುತ್ತದೆ.

ಉದ್ದದಲ್ಲಿ ಇವೆಲ್ಲವನ್ನೂ ಮೀರಿಸುವುದು ದ್ರಾ, ಸುಮಾರು 1,100 ಕಿ.ಮೀ. ಆದರೆ ಅದು ನಕ್ಷೆಯಲ್ಲಿರುವ ಉದ್ದ. ಮಹಾ ಅಟ್ಲಾಸ್‌ನ ದಕ್ಷಿಣ ಇಳಿಜಾರಿನ ಹೊಳೆಗಳು ವರ್ಜಾಜಾತ್ ಬಳಿ ಕೂಡಿ ದ್ರಾ ಆಗುತ್ತವೆ, ಖರ್ಜೂರದ ತೋಟಗಳ ಸಾಲನ್ನು ಸಾಕುತ್ತ ಮ್ಹಾಮಿದ್‌ವರೆಗೆ ಬರುತ್ತವೆ, ಅಲ್ಲಿಂದ ಮುಂದೆ ಉಳಿಯುವುದು ಒಣ ಪಾತ್ರ ಮಾತ್ರ. ಭಾರಿ ಪ್ರವಾಹ ಬಂದ ಅಪರೂಪದ ವರ್ಷಗಳಲ್ಲಿ ಮಾತ್ರ ನೀರು ಆಚೆ ಹರಿಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಆಗ್ನೇಯ ಭಾಗದಲ್ಲಿ ಎರಡೇ ದಿನಗಳಲ್ಲಿ ವರ್ಷದ ಮಳೆಯನ್ನು ಮೀರಿಸುವಂತೆ ಸುರಿದಾಗ, ದ್ರಾ ಪಾತ್ರದ ಪಕ್ಕದಲ್ಲಿ ಅರ್ಧ ಶತಮಾನದಿಂದ ಬರಿ ಉಪ್ಪುಗಚ್ಚಾಗಿ ಬಿದ್ದಿದ್ದ ಇರೀಕಿ ಸರೋವರದಲ್ಲಿ ಮತ್ತೆ ನೀರು ನಿಂತಿತು. ಅದೇ ಮಳೆ ತಾತಾ ಪ್ರಾಂತದಲ್ಲಿ ಜೀವಗಳನ್ನೂ ತೆಗೆದುಕೊಂಡಿತು.

ಅಷ್ಟೊಂದು ಅಣೆಕಟ್ಟುಗಳಿದ್ದೂ ನೀರಿನ ಕೊರತೆ ಏಕೆ?

ದೊರೆ ಎರಡನೇ ಹಸನ್ 1960ರ ದಶಕದಲ್ಲಿ, ಶತಮಾನ ಮುಗಿಯುವುದರೊಳಗೆ 10 ಲಕ್ಷ ಹೆಕ್ಟೇರ್‌ಗೆ ನೀರಾವರಿ ಎಂಬ ಗುರಿಯಿಟ್ಟುಕೊಂಡು ಅಣೆಕಟ್ಟುಗಳ ಸರಣಿಯನ್ನೇ ಆರಂಭಿಸಿದರು. ಇಂದು ದೇಶದಲ್ಲಿ ನೂರೈವತ್ತರ ಸುಮಾರು ದೊಡ್ಡ ಅಣೆಕಟ್ಟುಗಳಿವೆ. ಸೆಬೂವಿನ ಉಪನದಿ ವೆರ್ಗಾಕ್ಕೆ ಕಟ್ಟಿರುವ ಅಲ್ ವಹ್ದಾ ಅತಿ ದೊಡ್ಡದು. ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 380 ಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ 134 ಟಿಎಂಸಿ. ತುಂಗಭದ್ರಾ ಜಲಾಶಯ ಕಟ್ಟಿದಾಗಿನ 133 ಟಿಎಂಸಿಗೆ ಹೆಚ್ಚುಕಡಿಮೆ ಸಮ, ಮತ್ತು ತುಂಗಭದ್ರೆಯಂತೆಯೇ ಅಲ್ಲಿಯೂ ಹೂಳು ವರ್ಷ ವರ್ಷವೂ ಒಂದಿಷ್ಟು ಜಾಗವನ್ನು ತಿನ್ನುತ್ತದೆ. ಮರ ಕಡಿದ ರಿಫ್ ಇಳಿಜಾರುಗಳ ಮೆದು ಮಣ್ಣು ಪ್ರತಿ ಮಳೆಗೂ ಕೊಚ್ಚಿ ಬರುತ್ತದೆ.

ಆದರೆ ಹೂಳಿಗಿಂತ ದೊಡ್ಡ ಸಮಸ್ಯೆ ಮಳೆಯೇ ಬಾರದಿರುವುದು. 2018ರ ಸುಮಾರಿಗೆ ಶುರುವಾದ ಬರ ಆರೇಳು ವರ್ಷ ಬಿಡದೆ ಕಾಡಿತು. ಉಮ್ಮ್ ಎರ್ ರ್ಬಿಯಾಕ್ಕೆ ಅಡ್ಡಲಾಗಿರುವ, ದೇಶದ ಎರಡನೇ ದೊಡ್ಡ ಜಲಾಶಯವಾದ ಅಲ್ ಮಸೀರಾದಲ್ಲಿ 2024ರಲ್ಲಿ ಶೇಕಡ 5ರಷ್ಟೂ ನೀರಿರಲಿಲ್ಲ. ಅಜೆಮ್ಮೂರ್ ಬಳಿ ಆ ನದಿಯ ಮುಖವನ್ನು ಮರಳು ಕಟ್ಟಿಹಾಕಿತ್ತು. ಮೇವಿಲ್ಲದೆ ಕುರಿಗಳ ಸಂಖ್ಯೆ ಎಷ್ಟು ಕುಸಿಯಿತೆಂದರೆ, 2025ರ ಫೆಬ್ರುವರಿಯಲ್ಲಿ ದೊರೆ ಆರನೇ ಮೊಹಮ್ಮದ್ ಅವರು ಆ ವರ್ಷದ ಬಕ್ರೀದ್‌ಗೆ ಕುರಿ ಬಲಿ ಕೊಡದಿರಿ ಎಂದು ಪ್ರಜೆಗಳನ್ನು ಕೇಳಿಕೊಂಡರು. ಕುರಿಯಿಲ್ಲದ ಬಕ್ರೀದ್ ಎಂದರೆ ಏನೆಂಬುದು ಬಲ್ಲವರಿಗೆ ಆ ಬರದ ತೀವ್ರತೆಯನ್ನು ಬೇರೆ ಅಂಕಿಗಳಿಂದ ವಿವರಿಸಬೇಕಾಗಿಲ್ಲ.

ಸರ್ಕಾರ ಎರಡು ದಾರಿ ಹಿಡಿದಿದೆ. ಮಳೆ ಹೆಚ್ಚಿರುವ ಸೆಬೂ ಕೊಳ್ಳದಿಂದ ರಾಜಧಾನಿ ರಬಾತ್‌ಗೆ ನೀರುಣಿಸುವ ಬೂರೆಗ್ರೆಗ್ ಕೊಳ್ಳಕ್ಕೆ 67 ಕಿ.ಮೀ. ಉದ್ದದ ಜೋಡಣೆ 2023ರಲ್ಲಿ ಮುಗಿಯಿತು. ಜೊತೆಗೆ ಕಡಲ ನೀರನ್ನು ಸಿಹಿಗೊಳಿಸುವ ಘಟಕಗಳು. ಅಗಾದೀರ್ ಬಳಿಯ ಘಟಕ 2022ರಿಂದ ನಗರಕ್ಕೂ ಸುತ್ತಲ ಟೊಮೆಟೊ ತೋಟಗಳಿಗೂ ನೀರು ಕೊಡುತ್ತಿದೆ. ನೀರಿಲ್ಲದ ನಾಡು ಟೊಮೆಟೊ ರೂಪದಲ್ಲಿ ನೀರನ್ನು ಯುರೋಪಿಗೆ ರಫ್ತು ಮಾಡುತ್ತಿದೆ ಎಂಬ ಟೀಕೆ ಅಲ್ಲಿನವರದ್ದೇ, ಮತ್ತು ಅದರಲ್ಲಿ ಹುರುಳಿಲ್ಲದಿಲ್ಲ.

ಅಣೆಕಟ್ಟುಗಳಿಗೆ ಮುಂಚೆ ಮರುಭೂಮಿಯಂಚಿನ ಜನ ನೀರಿಗೆ ಏನು ಮಾಡುತ್ತಿದ್ದರು?

‘ಖೆತ್ತಾರಾ’ ತೋಡುತ್ತಿದ್ದರು. ಬೀದರ್‌ನ ನೌಬಾದ್ ಬಳಿಯ ಸುರಂಗ ಬಾವಿಯನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ, ಏಕೆಂದರೆ ಎರಡೂ ಒಂದೇ ವಿದ್ಯೆಯ ಕವಲುಗಳು. ಪರ್ಷಿಯಾದ ಕನಾತ್ ಪೂರ್ವಕ್ಕೆ ಬಂದು ಬಹಮನಿಗಳ ಬೀದರ್‌ನಲ್ಲಿ ಕಾರೇಜ್ ಆಯಿತು, ಪಶ್ಚಿಮಕ್ಕೆ ಹೋಗಿ ಮೊರಾಕ್ಕೊದಲ್ಲಿ ಖೆತ್ತಾರಾ ಆಯಿತು. ಬೆಟ್ಟದ ಬುಡದಲ್ಲಿ ಅಂತರ್ಜಲ ಸಿಗುವ ಆಳಕ್ಕೆ ತಾಯಿಬಾವಿಯನ್ನು ತೋಡಿ, ಅಲ್ಲಿಂದ ಊರಿನ ಕಡೆಗೆ ನೆಲದಡಿಯಲ್ಲಿ ಅತಿ ಕಡಿಮೆ ಇಳಿಜಾರಿನ ಸುರಂಗ ಕೊರೆಯುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ಗೋಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಹತ್ತಿಪ್ಪತ್ತು ಮೀಟರಿಗೊಂದರಂತೆ ಮೇಲಿನಿಂದ ಕಿಂಡಿ ಬಾವಿ ತೆಗೆದು, ಅಗೆದ ಮಣ್ಣನ್ನು ಬಾಯಿಯ ಸುತ್ತಲೇ ಬಳೆಯಾಕಾರಕ್ಕೆ ಸುರಿಯುತ್ತಾರೆ. ಮಳೆನೀರು ಮಣ್ಣು ಹೊತ್ತು ಒಳನುಗ್ಗದಿರಲು ಅದೇ ಒಡ್ಡು. ತಾಫಿಲಾಲ್ತ್ ಓಯಸಿಸ್‌ನ ಎರ್ಫೂದ್ ಊರಿನ ಹೊರಗೆ ರಸ್ತೆಯಲ್ಲಿ ಹೋಗುವಾಗ ಇಂಥ ಮಣ್ಣುಬಳೆಗಳು ದಿಗಂತದವರೆಗೆ ಸಾಲುಗಟ್ಟಿ ನಿಂತಿರುವುದು ಕಾಣುತ್ತದೆ, ದೈತ್ಯ ಹೆಗ್ಗಣ ಬಿಲ ತೋಡುತ್ತ ಹೋದಂತೆ. ನೀರಿನ ಹಂಚಿಕೆ ಗಂಟೆಗಳ ಲೆಕ್ಕದಲ್ಲಿ ಮನೆತನಗಳ ನಡುವೆ ನಡೆಯುತ್ತಿತ್ತು. ಡೀಸೆಲ್ ಪಂಪು, ಅದರ ಹಿಂದೆ ಸೌರ ಪಂಪು ಬಂದು ಅಂತರ್ಜಲ ಸುರಂಗದ ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಬಹುಪಾಲು ಖೆತ್ತಾರಾಗಳು ಬತ್ತಿವೆ.

ಅಲ್ಲಿನ ಮಣ್ಣು ಎಂಥದ್ದು?

ಇದಕ್ಕೆ ನಮ್ಮ ರೈತರ ಮಾತಿನಲ್ಲೇ ಉತ್ತರಿಸಬಹುದು. ಕಾಸಾಬ್ಲಾಂಕಾ ಹಿಂದಿನ ಶಾವಿಯಾ ಮತ್ತು ಅದರ ಪಕ್ಕದ ದುಕ್ಕಾಲಾ ಬಯಲುಗಳಲ್ಲಿ ‘ತಿರ್ಸ್’ ಎಂಬ ಕಪ್ಪು ಜೇಡಿ ಮಣ್ಣಿದೆ. ಹಸಿಯಾದಾಗ ಕಾಲಿಗೆ ಮೆತ್ತಿಕೊಳ್ಳುವ, ಒಣಗಿದಾಗ ಗೇಣಗಲ ಬಿರಿಯುವ ಅದು ನಮ್ಮ ಎರೆ ಮಣ್ಣಿನದೇ ಕುಲ. ‘ಹಮ್ರಿ’ ಎಂದರೆ ಕೆಂಪು ಮಣ್ಣು. ಮಳೆಯನ್ನೇ ನಂಬಿದ ಹೊಲಕ್ಕೆ ‘ಬೂರ್’ ಎನ್ನುತ್ತಾರೆ, ಅಂದರೆ ನಮ್ಮ ಖುಷ್ಕಿ. ಸಾಗುವಳಿಯ ಭೂಮಿಯಲ್ಲಿ ಬಹುಪಾಲು ಈ ಬೂರ್ ಭೂಮಿಯೇ ಆದ್ದರಿಂದ ಮಳೆ ಕೈಕೊಟ್ಟ ವರ್ಷ ಗೋಧಿಯ ಫಸಲು ಒಳ್ಳೆಯ ವರ್ಷದ ಅರ್ಧಕ್ಕೂ ಇಳಿಯುತ್ತದೆ.

ಮೊರಾಕ್ಕೊದ ಅತಿ ದೊಡ್ಡ ನೈಸರ್ಗಿಕ ಸಂಪತ್ತು ಯಾವುದು?

ಫಾಸ್ಫೇಟ್ ಶಿಲೆ, ಅಂದರೆ ರಂಜಕದ ಗೊಬ್ಬರದ ಮೂಲವಸ್ತು. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಲೆಕ್ಕದಂತೆ, ಪಶ್ಚಿಮ ಸಹಾರಾವನ್ನೂ ಸೇರಿಸಿ ಮೊರಾಕ್ಕೊದ ಸಂಗ್ರಹ ಸುಮಾರು 5,000 ಕೋಟಿ ಟನ್. ಇಡೀ ಜಗತ್ತಿನ ಸಂಗ್ರಹದ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು. ತೈಲದ ವಿಷಯದಲ್ಲಿ ಸೌದಿ ಅರೇಬಿಯಾಕ್ಕೂ ಇಷ್ಟು ದೊಡ್ಡ ಪಾಲು ಇಲ್ಲ.

ಇದು ಹುಟ್ಟಿದ ಬಗೆ ಸ್ವಾರಸ್ಯಕರ. ಸುಮಾರು 7 ಕೋಟಿ ವರ್ಷಗಳ ಹಿಂದೆ ಇಂದಿನ ಖೂರಿಬ್ಗಾ ಸುತ್ತಲಿನ ಪ್ರಸ್ಥಭೂಮಿ ಆಳವಿಲ್ಲದ ಬೆಚ್ಚನೆಯ ಕಡಲಾಗಿತ್ತು. ಸಾಗರದ ಆಳದಿಂದ ರಂಜಕ ಹೊತ್ತ ನೀರು ಮೇಲೇಳುತ್ತಿತ್ತು, ಅದನ್ನು ತಿಂದು ಪ್ಲವಕಗಳೆಂಬ ತೇಲುವ ಸೂಕ್ಷ್ಮ ಜೀವಿಗಳು ಹೆಚ್ಚಿದವು, ಪ್ಲವಕಗಳನ್ನು ಮೀನುಗಳು, ಮೀನುಗಳನ್ನು ಶಾರ್ಕ್ ಮತ್ತು ದೈತ್ಯ ಕಡಲ ಹಲ್ಲಿಗಳು ತಿಂದವು. ಎಲ್ಲವೂ ಸತ್ತು ತಳ ಸೇರಿದವು. ದಂಡೆಯಿಂದ ಬರುವ ಮರಳು ಮಣ್ಣು ಕಡಿಮೆಯಿದ್ದುದರಿಂದ ಆ ರಂಜಕ ಬೇರೆಯದರಲ್ಲಿ ಬೆರೆತು ತೆಳುವಾಗದೆ ಪದರ ಪದರವಾಗಿ ಶೇಖರವಾಯಿತು. ಎರಡು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಹೀಗೆ ನಡೆಯಿತು. ಗಣಿಯ ಗೋಡೆಯನ್ನು ಹತ್ತಿರದಿಂದ ನೋಡಿದರೆ ಗಟ್ಟಿ ಬಂಡೆ ಕಾಣುವುದಿಲ್ಲ. ಕೈಯಲ್ಲಿ ಹಿಸುಕಿದರೆ ಉದುರುವ, ತೆಳು ಹಳದಿ ಬಣ್ಣದ ಮರಳಿನಂಥ ವಸ್ತು, ಅದರ ನಡುವೆ ಶಾರ್ಕ್ ಹಲ್ಲುಗಳು. ಆನೆಗಳ ವಂಶದ ಅತಿ ಹಳೆಯ ಸದಸ್ಯರಲ್ಲೊಂದಾದ, ಐದಾರು ಕಿಲೊ ತೂಕವಷ್ಟೇ ಇದ್ದ ಎರಿಥೀರಿಯಮ್ ಎಂಬ ಪ್ರಾಣಿಯ ಅವಶೇಷ ಸಿಕ್ಕಿದ್ದೂ ಇದೇ ಪದರಗಳಲ್ಲಿ. ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು 2009ರಲ್ಲಿ. ಗೊಬ್ಬರಕ್ಕಾಗಿ ಅಗೆದಲ್ಲಿ ಆನೆಯ ಪೂರ್ವಜ ಸಿಗುವುದು ಆ ನೆಲದ ವಿಶೇಷ.

ಗಣಿಗಾರಿಕೆಯ ಏಕಸ್ವಾಮ್ಯ 1920ರಲ್ಲಿ ಸ್ಥಾಪನೆಯಾದ ಒಸಿಪಿ ಎಂಬ ಸರ್ಕಾರಿ ಸಂಸ್ಥೆಯದು. 1921ರಲ್ಲಿ ಖೂರಿಬ್ಗಾದಲ್ಲಿ ಅಗೆತ ಶುರುವಾಯಿತು, 1930ರ ದಶಕದಲ್ಲಿ ಯೂಸುಫಿಯಾ, 1980ರ ಸುಮಾರಿಗೆ ಬೆನ್‌ಗೆರೀರ್ ಸೇರಿದವು. ಖೂರಿಬ್ಗಾ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಅದಿರನ್ನು ಮೊದಲು ರೈಲಿನಲ್ಲಿ ಬಂದರಿಗೆ ಸಾಗಿಸುತ್ತಿದ್ದರು. 2014ರಿಂದ ಪುಡಿ ಮಾಡಿದ ಅದಿರನ್ನು ನೀರಿನಲ್ಲಿ ಕಲಸಿ, ರಾಡಿಯಾಗಿ, 187 ಕಿ.ಮೀ. ಉದ್ದದ ಕೊಳವೆಯಲ್ಲಿ ಜೋರ್ಫ್ ಲಸ್ಫಾರ್ ಬಂದರಿಗೆ ಇಳಿಯಬಿಡುತ್ತಾರೆ. ಎತ್ತರ ಇಲ್ಲಿ ಪುಕ್ಕಟೆ ಇಂಧನವಾಗಿದೆ.

ನಮ್ಮ ಹೊಲದ ಡಿಎಪಿ ಚೀಲಕ್ಕೂ ಮೊರಾಕ್ಕೊಗೂ ಸಂಬಂಧವಿದೆಯೇ?

ನೇರ ಸಂಬಂಧವಿದೆ. ಡಿಎಪಿ ಚೀಲದ ಮೇಲೆ ಬರೆದಿರುವ 18-46 ಎಂಬ ಅಂಕಿಗಳಲ್ಲಿ ಮೊದಲನೆಯದು ಸಾರಜನಕದ ಪ್ರಮಾಣ, ಎರಡನೆಯದು ರಂಜಕದ್ದು. ಭಾರತದ ಸ್ವಂತ ಫಾಸ್ಫೇಟ್ ನಿಕ್ಷೇಪಗಳು ರಾಜಸ್ಥಾನ, ಮಧ್ಯಪ್ರದೇಶದಂಥ ಕೆಲವೆಡೆ ಮಾತ್ರ ಇದ್ದು, ಅಗತ್ಯದ ಸಣ್ಣ ಭಾಗವನ್ನಷ್ಟೇ ಪೂರೈಸುತ್ತವೆ. ಉಳಿದದ್ದು ಶಿಲೆಯಾಗಿಯೋ, ಫಾಸ್ಫರಿಕ್ ಆಮ್ಲವಾಗಿಯೋ, ಸಿದ್ಧ ಡಿಎಪಿಯಾಗಿಯೋ ಹೊರಗಿನಿಂದ ಬರಬೇಕು, ಮತ್ತು ಈ ಮೂರನ್ನೂ ಕೊಡುವ ದೇಶಗಳಲ್ಲಿ ಮೊರಾಕ್ಕೊ ಮುಖ್ಯವಾದುದು. ಒಡಿಶಾದ ಪಾರಾದೀಪ್ ಗೊಬ್ಬರ ಕಾರ್ಖಾನೆಯ ಒಡೆತನದಲ್ಲಿ ಒಸಿಪಿಗೆ ಪಾಲಿದೆ. ಜೋರ್ಫ್ ಲಸ್ಫಾರ್‌ನ ಒಂದು ಆಮ್ಲ ಕಾರ್ಖಾನೆಯಲ್ಲಿ ಭಾರತೀಯ ಕಂಪನಿಗಳಿಗೆ ಪಾಲಿದೆ. ಮುಂಗಾರು ಹಸನಾದ ಜೂನ್ ತಿಂಗಳಲ್ಲಿ ಹಾವೇರಿಯಲ್ಲೋ ಧಾರವಾಡದಲ್ಲೋ ಗೊಬ್ಬರದ ಅಂಗಡಿಯ ಮುಂದೆ ಸಾಲು ಬೆಳೆದಾಗ ಅದರ ಒಂದು ಕಾರಣ ಅಟ್ಲಾಂಟಿಕ್ ದಂಡೆಯ ಬಂದರಿನಲ್ಲಿ, ಅಥವಾ ಅಲ್ಲಿಂದ ಬರುವ ಹಡಗಿನ ದಾರಿಯಲ್ಲಿ ಇರುವ ಸಾಧ್ಯತೆ ಇದ್ದೇ ಇದೆ.

ಆದರೆ ಮೊರಾಕ್ಕೊ ಕೂಡ ಸ್ವಾವಲಂಬಿಯಲ್ಲ. ಶಿಲೆಯನ್ನು ಕರಗಿಸಲು ಗಂಧಕಾಮ್ಲ ಬೇಕು, ಗಂಧಕ ಆಮದು; ಡಿಎಪಿ ಮಾಡಲು ಅಮೋನಿಯ ಬೇಕು, ಅದಕ್ಕೆ ನೈಸರ್ಗಿಕ ಅನಿಲ ಬೇಕು, ಅನಿಲವಿಲ್ಲದ ಕಾರಣ ಅಮೋನಿಯವೂ ಆಮದು. ಆಮ್ಲ ತೆಗೆದ ಮೇಲೆ ಉಳಿಯುವ ಫಾಸ್ಫೋಜಿಪ್ಸಮ್ ಎಂಬ ತ್ಯಾಜ್ಯದ ರಾಶಿ ಇನ್ನೊಂದು ತಲೆನೋವು. ಅಲ್ಲಿನ ಶಿಲೆಯಲ್ಲಿ ಕ್ಯಾಡ್ಮಿಯಮ್ ಎಂಬ ವಿಷಕಾರಿ ಲೋಹದ ಪ್ರಮಾಣ ಕೆಲವು ಇತರ ದೇಶಗಳ ಶಿಲೆಗಿಂತ ಹೆಚ್ಚಿರುವುದರಿಂದ, ಯುರೋಪಿಯನ್ ಒಕ್ಕೂಟ 2022ರಲ್ಲಿ ಗೊಬ್ಬರದ ಕ್ಯಾಡ್ಮಿಯಮ್‌ಗೆ ಮಿತಿ ಹಾಕಿದ್ದು ಮೊರಾಕ್ಕೊವನ್ನು ಹೆಚ್ಚು ತಾಕಿತು.

ತೈಲ ಮತ್ತು ಅನಿಲ?

ನೆರೆಯ ಅಲ್ಜೀರಿಯಾದಲ್ಲಿ ಧಾರಾಳ, ಮೊರಾಕ್ಕೊದಲ್ಲಿ ಹೆಸರಿಗಷ್ಟೆ. ಗರ್ಬ್ ಬಯಲಿನಲ್ಲೂ ಎಸ್ಸಾವಿರಾ ಬಳಿಯೂ ಚಿಕ್ಕ ಅನಿಲ ಬಾವಿಗಳಿವೆ. ಅಲ್ಜೀರಿಯಾದ ಅನಿಲವನ್ನು ಮೊರಾಕ್ಕೊ ಮೂಲಕ ಸ್ಪೇನಿಗೆ ಒಯ್ಯುತ್ತಿದ್ದ ಕೊಳವೆಯನ್ನು ಎರಡು ದೇಶಗಳ ವೈಮನಸ್ಯದಿಂದ 2021ರ ಅಕ್ಟೋಬರ್ ಕೊನೆಗೆ ಮುಚ್ಚಲಾಯಿತು. ಮರುವರ್ಷ ಮೊರಾಕ್ಕೊ ಅದೇ ಕೊಳವೆಯಲ್ಲಿ ಸ್ಪೇನ್ ಕಡೆಯಿಂದ ಅನಿಲವನ್ನು ತಿರುಗಾಮುರುಗಾ ತರಿಸಿಕೊಳ್ಳತೊಡಗಿತು.

ಫಾಸ್ಫೇಟ್ ಬಿಟ್ಟು ಬೇರೆ ಖನಿಜಗಳಿಲ್ಲವೇ?

ಇವೆ, ಹೆಚ್ಚಿನವು ಪ್ರತಿ ಅಟ್ಲಾಸ್ ಮತ್ತು ಅದರ ಆಸುಪಾಸಿನಲ್ಲಿ. ಬೂ ಅಜ್ಜೇರ್ ಗಣಿಯಲ್ಲಿ ಕೋಬಾಲ್ಟ್ ಸಿಗುತ್ತದೆ. ಜಗತ್ತಿನ ಬಹುತೇಕ ಕೋಬಾಲ್ಟ್ ತಾಮ್ರ ಅಥವಾ ನಿಕಲ್ ಗಣಿಗಳ ಉಪ ಉತ್ಪನ್ನವಾಗಿ ಬರುವಾಗ, ಕೋಬಾಲ್ಟ್‌ಗಾಗಿಯೇ ಅಗೆಯುವ ಬೆರಳೆಣಿಕೆಯ ಗಣಿಗಳಲ್ಲಿ ಇದೊಂದು. ವಿದ್ಯುತ್ ವಾಹನಗಳ ಬ್ಯಾಟರಿಯಿಂದಾಗಿ ಇದಕ್ಕೆ ಹೊಸ ಬೆಲೆ ಬಂದಿದೆ. ತಿಂಗೀರ್ ಬಳಿಯ ಇಮಿತೇರ್ ಆಫ್ರಿಕಾದ ದೊಡ್ಡ ಬೆಳ್ಳಿ ಗಣಿಗಳಲ್ಲೊಂದು. ಅಲ್ಲಿ ಬೆಳ್ಳಿಗಿಂತ ನೀರು ದುಬಾರಿ ಎಂಬುದು ಅಕ್ಷರಶಃ ನಿಜವಾಯಿತು: ತಮ್ಮ ಬಾವಿ ಮತ್ತು ಖೆತ್ತಾರಾಗಳು ಬತ್ತುತ್ತಿವೆ ಎಂದು ದೂರಿದ ಗ್ರಾಮಸ್ಥರು 2011ರಲ್ಲಿ ಗಣಿಗೆ ಹೋಗುವ ನೀರಿನ ಕೊಳವೆಯ ಕವಾಟವನ್ನು ಮುಚ್ಚಿ, ಗುಡ್ಡದ ಮೇಲೆ ಠಿಕಾಣಿ ಹೂಡಿ, ವರ್ಷಗಟ್ಟಲೆ ಧರಣಿ ಕುಳಿತರು. ಸತು, ಸೀಸ, ತಾಮ್ರ, ಮ್ಯಾಂಗನೀಸ್, ಫ್ಲೋರೈಟ್ ಕೂಡ ಸಿಗುತ್ತವೆ. ಬೆರೈಟ್ ಉತ್ಪಾದನೆಯಲ್ಲಿ ದೇಶ ಮುಂಚೂಣಿಯಲ್ಲಿದೆ. ಮರ‍್ರಾಕೇಶ್ ಪಶ್ಚಿಮದ ಜೆಬೆಲ್ ಇರ್ಹೂದ್ ಎಂಬಲ್ಲಿ 1961ರಲ್ಲಿ ಬೆರೈಟ್ ಅಗೆಯುತ್ತಿದ್ದಾಗ ಕಾರ್ಮಿಕನೊಬ್ಬನಿಗೆ ಸಿಕ್ಕ ತಲೆಬುರುಡೆಯೇ, ಮುಂದೆ 2017ರ ಸಂಶೋಧನೆಯಲ್ಲಿ ಸುಮಾರು 3 ಲಕ್ಷ ವರ್ಷ ಹಿಂದಿನ ನಮ್ಮದೇ ಮಾನವಕುಲದ ಕುರುಹು ಎಂದು ತಿಳಿದುಬಂದ ನೆಲೆಗೆ ದಾರಿ ತೋರಿತು.

ಬಿಸಿಲು ಮತ್ತು ಗಾಳಿಯಿಂದ ವಿದ್ಯುತ್ ಪಡೆಯುವುದರಲ್ಲಿ ಮೊರಾಕ್ಕೊ ಎಲ್ಲಿದೆ?

ವರ್ಜಾಜಾತ್ ಹೊರಗಿನ ನೂರ್ ಸ್ಥಾವರದ ಒಟ್ಟು ಸಾಮರ್ಥ್ಯ ಸುಮಾರು 580 ಮೆಗಾವಾಟ್. ಮೊದಲ ಹಂತ 2016ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ನಮ್ಮ ಪಾವಗಡದ 2,000 ಮೆಗಾವಾಟ್ ಮುಂದೆ ಇದು ಚಿಕ್ಕದು, ಆದರೆ ವಿಧಾನ ಬೇರೆ. ಪಾವಗಡದಲ್ಲಿರುವುದು ಬೆಳಕನ್ನು ನೇರ ವಿದ್ಯುತ್ತಾಗಿಸುವ ಫಲಕಗಳು; ನೂರ್‌ನಲ್ಲಿ ಹೆಚ್ಚಿನ ಭಾಗ ಬಾಗಿದ ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಕೂಡಿಸಿ, ಆ ಶಾಖವನ್ನು ಕರಗಿದ ಉಪ್ಪಿನಲ್ಲಿ ಹಿಡಿದಿಟ್ಟು, ಸೂರ್ಯ ಮುಳುಗಿದ ಮೇಲೂ ಕೆಲವು ಗಂಟೆ ಟರ್ಬೈನ್ ತಿರುಗಿಸುವ ಏರ್ಪಾಡು. ಕನ್ನಡಿ ತೊಳೆಯಲು ನೀರು ಬೇಕು, ಅದು ಬರುವುದು ದ್ರಾ ನದಿಯ ಅಣೆಕಟ್ಟೆಯಿಂದ. ಮತ್ತೆ ಅದೇ ಹಳೆಯ ಪ್ರಶ್ನೆ. ಗಾಳಿಗೆ ಆ ಕಷ್ಟವಿಲ್ಲ. ಅಟ್ಲಾಂಟಿಕ್ ದಂಡೆಯ ತರ್ಫಾಯಾದಲ್ಲಿ ವಾಣಿಜ್ಯ ಮಾರುತಗಳು ವರ್ಷದ ಬಹುಕಾಲ ಬೀಸುತ್ತವೆ. 2014ರಲ್ಲಿ ಪೂರ್ಣಗೊಂಡ ಅಲ್ಲಿನ ಗಾಳಿ ವಿದ್ಯುತ್ ಸ್ಥಾವರ 301 ಮೆಗಾವಾಟ್‌ನದು.

ಕಡಲಿನಿಂದ ಏನು ಸಿಗುತ್ತದೆ?

ಮುಖ್ಯವಾಗಿ ಸಾರ್ಡೀನ್, ಮಂಗಳೂರಿನವರು ಬೂತಾಯಿ ಎನ್ನುವ ಮೀನಿನ ದೂರದ ನೆಂಟ. ಫಾಸ್ಫೇಟ್ ಸೃಷ್ಟಿಸಿದ ಅದೇ ಕ್ರಿಯೆ ಇಂದಿಗೂ ಅಟ್ಲಾಂಟಿಕ್ ದಂಡೆಯಲ್ಲಿ ನಡೆಯುತ್ತಿದೆ: ದಂಡೆಗುಂಟ ಬೀಸುವ ಗಾಳಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ, ಆಳದ ತಣ್ಣನೆಯ ಪೋಷಕಾಂಶಭರಿತ ನೀರು ಮೇಲೆ ಬರುತ್ತದೆ, ಮೀನು ಮುತ್ತುತ್ತದೆ. ಡಬ್ಬಿಯಲ್ಲಿಟ್ಟ ಸಾರ್ಡೀನ್ ರಫ್ತಿನಲ್ಲಿ ಮೊರಾಕ್ಕೊ ಜಗತ್ತಿಗೇ ಮೊದಲು. ದಾಖ್ಲಾ ಕಡೆ ಅಷ್ಟಪದಿ ಹಿಡಿಯುವುದು ದೊಡ್ಡ ಉದ್ಯಮ. ನಮ್ಮ ಕರಾವಳಿಯ 61 ದಿನಗಳ ಮುಂಗಾರು ನಿಷೇಧದಂತೆ ಅಲ್ಲಿಯೂ ಅಷ್ಟಪದಿಗೆ ‘ಜೈವಿಕ ವಿಶ್ರಾಂತಿ’ಯ ತಿಂಗಳುಗಳನ್ನು ಕಾದಿರಿಸಿದ್ದಾರೆ. ಇಷ್ಟಾದರೂ ಈಚಿನ ವರ್ಷಗಳಲ್ಲಿ ಸಾರ್ಡೀನ್ ಇಳುವರಿ ಕುಸಿದಿದೆ.

ಮೇಕೆಗಳು ಏರುವ ಮರ ನಿಜವೇ?

ನಿಜ. ಅದು ಅರ್ಗಾನ್ ಮರ, ಅಗಾದೀರ್ ಸುತ್ತಲಿನ ಸೂಸ್ ಪ್ರದೇಶದ ಸ್ವಂತ ಸೊತ್ತು. ಸಸ್ಯಶಾಸ್ತ್ರದ ಪ್ರಕಾರ ಇದು ನಮ್ಮ ಇಪ್ಪೆ, ಬಕುಳ ಮತ್ತು ಚಿಕ್ಕುವಿನ ಕುಟುಂಬದ್ದು. ಇಪ್ಪೆಯ ಬೀಜದಂತೆ ಇದರ ಬೀಜದಲ್ಲೂ ಎಣ್ಣೆಯಿದೆ. ಮುಳ್ಳಿನ ಗಿಡ್ಡ ಮರದ ಕೊಂಬೆಗಳಿಗೆ ಮೇಕೆಗಳು ಹಣ್ಣಿನ ಆಸೆಗೆ ಏರುತ್ತವೆ. ಆದರೆ ಹೆದ್ದಾರಿಯ ಪಕ್ಕದ ಮರದಲ್ಲಿ ಹತ್ತು ಮೇಕೆಗಳು ಶಿಸ್ತಾಗಿ ನಿಂತಿರುವುದು ಕಂಡರೆ, ಫೋಟೊಗೆ ಕಾಸು ಕೇಳಲೆಂದು ಅವುಗಳನ್ನು ಯಾರೋ ಹತ್ತಿಸಿರುತ್ತಾರೆ ಎಂದೇ ತಿಳಿಯಬೇಕು. ಹಣ್ಣು ಒಣಗಿಸಿ, ಸಿಪ್ಪೆ ತೆಗೆದು, ಕಲ್ಲಿನಂಥ ಓಟೆಯನ್ನು ಎರಡು ಕಲ್ಲುಗಳ ನಡುವೆ ಒಡೆಯುವ ಕೆಲಸ ಹೆಂಗಸರದು; ಯಂತ್ರಗಳು ಬಂದರೂ ಓಟೆ ಒಡೆಯುವುದು ಇನ್ನೂ ಬಹುಮಟ್ಟಿಗೆ ಕೈಯಲ್ಲೇ. ಈ ಕಾಡನ್ನು ಯುನೆಸ್ಕೊ 1998ರಲ್ಲಿ ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಮರದ ಆಳ ಬೇರು ಸಹಾರಾ ಉತ್ತರಕ್ಕೆ ಸರಿಯದಂತೆ ಮಣ್ಣನ್ನು ಹಿಡಿದಿರುವುದು ಎಣ್ಣೆಗಿಂತ ದೊಡ್ಡ ಉಪಕಾರ.

ಮಧ್ಯ ಅಟ್ಲಾಸ್‌ನಲ್ಲಿ ಹಿಮಾಲಯದ ದೇವದಾರುವಿನ ಸೋದರ ಪ್ರಭೇದವಾದ ಅಟ್ಲಾಸ್ ದೇವದಾರು ಮತ್ತು ಅದರಡಿ ಬಾಲವಿಲ್ಲದ ಬಾರ್ಬರಿ ಕೋತಿಗಳಿವೆ. ಇದೇ ಬೆಟ್ಟಗಳಲ್ಲಿದ್ದ ಬಾರ್ಬರಿ ಸಿಂಹ ಈಗಿಲ್ಲ. ಮೊರಾಕ್ಕೊದಲ್ಲಿ ಗುಂಡಿಗೆ ಬಲಿಯಾದ ಕೊನೆಯ ಸಿಂಹದ ದಾಖಲೆ 1942ರದು.

ಭೂಕಂಪದ ಅಪಾಯ ಎಷ್ಟು?

ಬೆಟ್ಟ ಎತ್ತಿದ ಒತ್ತಡ ಇನ್ನೂ ನಿಂತಿಲ್ಲ. 1960ರ ಫೆಬ್ರುವರಿ 29ರ ರಾತ್ರಿ ಅಗಾದೀರ್ ಕೆಲವೇ ಸೆಕೆಂಡುಗಳಲ್ಲಿ ನೆಲಸಮವಾಯಿತು. ಕಂಪನ ದೊಡ್ಡದೇನಲ್ಲ, ಆದರೆ ಊರಿನ ಅಡಿಯಲ್ಲೇ, ಅತಿ ಕಡಿಮೆ ಆಳದಲ್ಲಿ ಆದುದರಿಂದ 12,000ಕ್ಕೂ ಹೆಚ್ಚು ಜನ ಸತ್ತರು. 2004ರಲ್ಲಿ ರಿಫ್‌ನ ಅಲ್ ಹೊಸೇಮಾ, 2023ರ ಸೆಪ್ಟೆಂಬರ್ 8ರಂದು ಮಹಾ ಅಟ್ಲಾಸ್‌ನ ಅಲ್ ಹೌಜ್. ಕೊನೆಯದರ ತೀವ್ರತೆ 6.8, ಸತ್ತವರು 2,900ಕ್ಕೂ ಹೆಚ್ಚು. ಕಲ್ಲುಮಣ್ಣಿನ ಮನೆಗಳು ಕುಸಿದವು, ಬಂಡೆಗಳು ಉರುಳಿ ಘಾಟಿ ದಾರಿಗಳು ಮುಚ್ಚಿದವು.

ಪಶ್ಚಿಮ ಸಹಾರಾವನ್ನು ನಕ್ಷೆಗಳಲ್ಲಿ ಬೇರೆ ಬೇರೆ ರೀತಿ ತೋರಿಸುವುದೇಕೆ?

ಅದು ಬಗೆಹರಿಯದ ವಿವಾದ. 1975-76ರಲ್ಲಿ ಸ್ಪೇನ್ ಹಿಂದೆ ಸರಿದ ಮೇಲೆ ಮೊರಾಕ್ಕೊ ಅಲ್ಲಿನ ಬಹುಭಾಗವನ್ನು ವಶಪಡಿಸಿಕೊಂಡು ತನ್ನದೆನ್ನುತ್ತದೆ. ಪೊಲಿಸಾರಿಯೊ ಸಂಘಟನೆ ಸ್ವತಂತ್ರ ದೇಶವನ್ನು ಬಯಸುತ್ತದೆ. ವಿಶ್ವಸಂಸ್ಥೆ ಅದನ್ನು ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಯಲ್ಲಿಟ್ಟಿದೆ. ಭಾರತ 1985ರಲ್ಲಿ, ಪೊಲಿಸಾರಿಯೊ ಘೋಷಿಸಿದ ಸಹರಾವಿ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟು 2000ದಲ್ಲಿ ಹಿಂತೆಗೆದುಕೊಂಡಿತು. ಸಂಪತ್ತಿನ ದೃಷ್ಟಿಯಿಂದ ಅಲ್ಲಿರುವುದು ಮೀನು, ಗಾಳಿ ಮತ್ತು ಬೂ ಕ್ರಾದ ಫಾಸ್ಫೇಟ್. ಅಲ್ಲಿಂದ ಕಡಲಿಗೆ ಅದಿರು ಸಾಗಿಸುವ ಸುಮಾರು 100 ಕಿ.ಮೀ. ಉದ್ದದ ಸಾಗಣೆ ಪಟ್ಟಿಯಿಂದ ಉದುರುವ ಬಿಳಿ ಪುಡಿಯ ಗೆರೆ ಉಪಗ್ರಹ ಚಿತ್ರಗಳಲ್ಲೂ ಕಾಣುತ್ತದೆ. ಮೊರಾಕ್ಕೊ ಜೊತೆಗಿನ ಮೀನುಗಾರಿಕೆ ಒಪ್ಪಂದಕ್ಕೆ ಆ ಪ್ರದೇಶದ ಜನರ ಸಮ್ಮತಿ ಇರಲಿಲ್ಲವೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು.

ಈ ಭೂಗೋಳವನ್ನು ಒಂದೆರಡು ದಿನದಲ್ಲಿ ಕಣ್ಣಾರೆ ನೋಡಲು ಸಾಧ್ಯವೇ?

ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಮರ‍್ರಾಕೇಶ್‌ನಿಂದ ಬೆಳಗ್ಗೆ ಹೊರಟು ತಿಜಿ ನ್ ತಿಶ್ಕಾ ಘಾಟಿಯನ್ನು ದಾಟಿದರೆ ಸಾಕು. ಹೌಜ್ ಬಯಲಿನ ಆಲಿವ್ ತೋಟಗಳು ಮುಗಿದೊಡನೆ ಏರು ಶುರುವಾಗುತ್ತದೆ. ಹೊಳೆಬದಿಯಲ್ಲಿ ಅಕ್ರೋಟು ಮರ, ಮೆಟ್ಟಿಲು ಗದ್ದೆಗಳಲ್ಲಿ ಹಸಿರು ಬಾರ್ಲಿ, ಮೇಲೆ ಹಿಮದ ಗೆರೆ. ನೆತ್ತಿ 2,260 ಮೀಟರ್. ಅಲ್ಲಿಂದ ಇಳಿಯುವಾಗ ನಾಲ್ಕಾರು ತಿರುವುಗಳಲ್ಲೇ ಹಸಿರು ಕಳಚಿಬಿದ್ದು ಕೆಂಪು, ನೇರಳೆ, ಬೂದು ಬಣ್ಣದ ಬರಿ ಬಂಡೆ ಉಳಿಯುತ್ತದೆ, ಮನೆಗಳು ಕಲ್ಲಿನಿಂದ ಮಣ್ಣಿಗೆ ಬದಲಾಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಐತ್ ಬೆನ್ ಹದ್ದೂ ಎಂಬ ಮಣ್ಣಿನ ಕೋಟೆಯೂರು, ಸಂಜೆಗೆ ವರ್ಜಾಜಾತ್. ಮರುದಿನ ದ್ರಾ ಗುಂಟ ದಕ್ಷಿಣಕ್ಕೆ ಹೋದರೆ ಖರ್ಜೂರದ ಮರಗಳ ಹಸಿರು ಪಟ್ಟಿ ಊರಿಂದೂರಿಗೆ ಕಿರಿದಾಗುತ್ತ ಬಂದು, ಮ್ಹಾಮಿದ್‌ನಲ್ಲಿ ಡಾಂಬರು ರಸ್ತೆಯೂ ಹೊಳೆಯೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮುಗಿಯುತ್ತವೆ.